ಗ್ಯಾಸ್ಕಿಲ್‌ಗೆ ಕೊಟ್ಟ ಮಾತು

ಅಂದು ಬೆಳಗಿನ ಜಾವದಿಂದ ಒಂದೇ ಸಮನೆ ಹಿಮ ಸುರಿಯುತ್ತಿತ್ತು. ಅಮೆರಿಕದ ವರ್ಮಾಂಟ್ ರಾಜ್ಯದ ರಾಜಧಾನಿಯಲ್ಲಿ ಹಿಮದ ಮೇಲೆ ಓಡುವ ಜಾರುಬಂಡಿಗಳೂ ಹೊರಬಿದ್ದಿರಲಿಲ್ಲ. ಶಾಸನಸಭೆಯಲ್ಲಿ ಕೂತಿದ್ದ ಆನ್ಸೆಲ್ ಪೆಟಿಬೋನನಿಗೆ ಮಾತ್ರ ಬೆವರು.

ತನ್ನೂರ ಹೊಳೆಗೊಂದು ಸೇತುವೆ ತರುತ್ತೇನೆಂದು ಕಪ್ಪು ಗಡ್ಡದಲ್ಲಿ ಸಭೆಗೆ ಬಂದವನು ಅವನು. ಗಡ್ಡ ನರೆಯಿತು, ವರ್ಷವರ್ಷವೂ ಮಸೂದೆ ಬಿತ್ತು. ಅತ್ತ ಮಂಜುಗಡ್ಡೆ ಒಡೆಯುವ ಕಾಲದಲ್ಲಿ ದೋಣಿ ಮಗುಚುತ್ತಲೇ ಇತ್ತು. ಹೋದ ವರ್ಷ ಅವನ ತಂಗಿ ಥಿರ್ಜಾಳೂ ನೀರುಪಾಲಾದಳು.

ಎದುರು ಪಕ್ಷದ ಲೊರೆಂಜೊ ಗ್ಯಾಸ್ಕಿಲ್ ಮೊನ್ನೆ ಊರಿಗೆ ಓಡಿದ್ದ. ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. "ಅಣ್ಣಾ, ನಾನು ಬರೋವರೆಗೂ ನನಗೆ ಜೋಡಿಯಾಗಿರ್ತೀರಾ?" ಎಂದು ಕೈಹಿಡಿದಿದ್ದ. ಅದು ಸಭೆಯ ಹಳೆಯ ಪದ್ಧತಿ: ಒಬ್ಬನಿಲ್ಲದಾಗ ಎದುರಿನವನೊಬ್ಬ ತಾನೂ ಮತ ಹಾಕದೆ ಕೂರುವುದು. ಸೇತುವೆಯ ಮಸೂದೆಗೆ ಇನ್ನೂ ಒಂದು ವಾರವಿದೆಯೆಂದು ಆನ್ಸೆಲ್ ಹೂಂ ಅಂದಿದ್ದ.

ಆದರೆ ಅಂದು ಮಂಡಿಸಬೇಕಿದ್ದ ಬೇರೆ ಮಸೂದೆಗಳವರು ಹಿಮದಲ್ಲಿ ಸಿಕ್ಕಿಕೊಂಡರು. ಸಭಾಪತಿ ಸೇತುವೆಯ ಮಸೂದೆಯನ್ನೇ ಮತಕ್ಕೆ ಎತ್ತಿಕೊಂಡರು.

"ಓಟು ಹಾಕಯ್ಯ!" ಪಕ್ಕದಲ್ಲಿ ಕೂತಿದ್ದ ಅವನದೇ ಪಕ್ಷದ ವಾಡ್ಲೋ ಪಿಸುಗುಟ್ಟಿದ. "ನಿಂದೊಂದು ಬಿದ್ರೆ ಗೆದ್ವಿ. ಬರೀ ಬಾಯಿಮಾತು, ಯಾವನು ಕೇಳ್ತಾನೆ?"

"ಅವನ ಹೆಂಡತಿ ಸಾಯ್ತಾ ಇದ್ದಾಳೋ ಮಾರಾಯ."

"ನಿನ್ನ ತಂಗಿ ಸತ್ತೇ ಹೋದ್ಲಲ್ಲ! ಸಂತನ ಹಾಗೆ ಕೂತಿರು. ನಿಮ್ಮೂರವರು ಈಜ್ಕೊಂಡು ಬಂದು ನಿನ್ನ ಕೈ ಕುಲುಕ್ತಾರೆ!"

ಆನ್ಸೆಲ್ ಕಣ್ಣು ಮುಚ್ಚಿದ. ದೇವರೇ, ತಂದೇ, ನೀನೇ ಹೇಳು. ಸಭೆಯನ್ನು ಬೆಚ್ಚಗಿಡುವ ಒಲೆಯಲ್ಲಿ ಕಟ್ಟಿಗೆ ಸಿಡಿಯಿತು.

ಮತಕ್ಕಾಗಿ ಅವನ ಹೆಸರು ಕೂಗಿದರು. ಎದ್ದು ನಿಂತ. "ನಾನು ಗ್ಯಾಸ್ಕಿಲ್ಲರ ಜೋಡಿ. ಅವರಿದ್ದಿದ್ರೆ ಬೇಡ ಅಂತಿದ್ರು. ನಾನು... ನಾನು ಬೇಕು ಅಂತಿದ್ದೆ."

ಎರಡೂ ಕಡೆ ಮತ ಸಮಸಮವಾಗಿ ಮಸೂದೆ ಬಿತ್ತು.

ಅಧಿವೇಶನದ ಕೊನೆಯ ದಿನ ಗ್ಯಾಸ್ಕಿಲ್ ಬಂದ. ಹೆಂಡತಿಯ ಸಾವಿನ ಶೋಕಕ್ಕೆ ಟೋಪಿಗೆ ಕಪ್ಪು ಪಟ್ಟಿ ಕಟ್ಟಿದ್ದ. ನಡೆದದ್ದನ್ನು ಯಾರೋ ಅವನ ಕಿವಿಗೆ ಹಾಕಿದ್ದರು. ಅವನು ನೇರವಾಗಿ ತನ್ನ ಜಾಗಕ್ಕೆ ಹೋಗಿ ಕೂತ.

ಸೇತುವೆಯಂತೂ ಹೋಯಿತು, ದೋಣಿಗೆ ಹಿಡಿದುಕೊಳ್ಳಲು ದಡದಿಂದ ದಡಕ್ಕೊಂದು ದಪ್ಪ ಹಗ್ಗವನ್ನಾದರೂ ಕೊಡಿ ಎಂದು ಆನ್ಸೆಲ್ ಬೇಡಿಕೊಂಡ. ಮಂಜುಗಡ್ಡೆಗಳ ಮುಂದೆ ಹಗ್ಗ ಎಷ್ಟು ದಿನ ನಿಂತೀತೆಂದು ಅವನಿಗೂ ಗೊತ್ತಿತ್ತು. ಚಿಕ್ಕಾಸೂ ಕೊಡಬಾರದೆಂದು ಗ್ಯಾಸ್ಕಿಲ್ಲನ ಪಕ್ಷ ತೀರ್ಮಾನಿಸಿತ್ತು. ಹೆಸರುಗಳೆಲ್ಲ ಮುಗಿದಾಗ ಹಗ್ಗದ ಪರ ಒಂದೇ ಮತ ಹೆಚ್ಚಿತ್ತು; ಇನ್ನೊಂದು 'ಬೇಡ' ಬಿದ್ದರೆ ಅದೂ ಸಮಸಮವಾಗಿ ಬಿದ್ದುಹೋಗುತ್ತಿತ್ತು. ಉತ್ತರ ಕೊಡದವನ ಹೆಸರನ್ನು ಮತ್ತೊಮ್ಮೆ ಕೂಗುವುದು ರೂಢಿ.

"ಗ್ಯಾಸ್ಕಿಲ್!"

ಅವನ ಪಕ್ಷದವರೆಲ್ಲ ತಿರುಗಿ ನೋಡಿದರು. ಗ್ಯಾಸ್ಕಿಲ್ ತಲೆ ತಗ್ಗಿಸಿ, ಬಾಯಿ ತೆರೆಯದೆ ಕೂತೇ ಇದ್ದ.