ಕೊಳವೆಯ ಬಾಯಿ

ಗಾಜಿನ ಮೇಲೆ ಅವಳ ನೆರಳು ಬಿತ್ತು, ತೊಟ್ಟಿಯ ಕಡಲಹುಳುಗಳೆಲ್ಲ ಒಂದೇ ಏಟಿಗೆ ಒಳಗೆ — ಕ್ಷಣದ ಹಿಂದೆ ಬೀಸಣಿಗೆಯಂತೆ ಬಿಚ್ಚಿದ ತುರಾಯಿಗಳು, ಈಗ ಬರೀ ಕೆಸರಿನ ಕೊಳವೆಗಳು, ಥೂ, ಮತ್ತೆ ಮರೆತಳು, ದೀಪಕ್ಕೆ ಬೆನ್ನು ಕೊಟ್ಟು ನಿಲ್ಬೇಡ ಅಂತ ಮತ್ಸ್ಯಾಲಯದ ಮೇಲ್ವಿಚಾರಕ ಬಡಕೊಂಡದ್ದೇ ಬಂತು, ಹಿಂದೆ ಸರಿದು ಉಸಿರು ಬಿಗಿಹಿಡಿದಳು, ಒಂದು ತುರಾಯಿ ಅರಳಿತು, ಇನ್ನೊಂದು, ತೇಲಿಬಂದದ್ದನ್ನೆಲ್ಲ ಸೋಸುತ್ತವೆ, ಸಣ್ಣ ಕಣ ಬಾಯಿಗೆ, ನಡುಗಾತ್ರದ್ದು ಕೊಳವೆಯ ಗೋಡೆಗೆ, ದಪ್ಪದ್ದು ಆಚೆಗೆ, ಮೂಲೆಯದ್ದು ಮಾತ್ರ ಬರಲಿಲ್ಲ, ಅದು ಬೆಳಿಗ್ಗೆ ತುರಾಯಿಯನ್ನೇ ಕಳಚಿ ಎಸೆದಿದೆ, ಬರೀ ಕೊಳವೆಯ ಬಾಯಿ, ಕಪ್ಪಗೆ, ಸತ್ತಿದೆಯೋ ಬದುಕಿದೆಯೋ, ಚಿಮುಟದಲ್ಲಿ ಮೆಲ್ಲಗೆ ಎಳೆದು ನೋಡಿದರೆ — ಬೇಡ, ಹೋದ ವಾರ ಎಳೆದ ಇನ್ನೊಂದು ಹುಳು ಅರ್ಧವೇ ಕೈಗೆ ಬಂದಿತ್ತು, ಮೇಲ್ವಿಚಾರಕ ಹಣೆ ಚಚ್ಚಿಕೊಂಡ, ಪುಣ್ಯಾತ್ಗಿತ್ತಿ, ತುರಾಯಿ ಉದುರಿದ್ರೆ ಒಳಗೇ ಕೂತು ಹೊಸದು ಬೆಳೆಸ್ಕೊಳ್ಳುತ್ತೆ, ನಿಮ್ಮನೇಲಿ ಮಲಗಿದೋರನ್ನೆಲ್ಲ ಹೀಗೇ ಎಬ್ಬಿಸ್ತೀಯಾ, ಜೊತೆಯ ಕೆಲಸದವರೆಲ್ಲ ನಕ್ಕರು, ಅವಳೂ ನಕ್ಕಳು, ಮನೆಯಲ್ಲಿ ಅಕ್ಕ, ಹೊಟ್ಟೆಯೊಳಗಿನ ಮಗು ಹೋದ ಮೇಲೆ ತವರಿಗೆ ಬಂದು ಕೋಣೆ ಸೇರಿ ಚಿಲಕ ಹಾಕಿಕೊಂಡವಳು, ಬಾಗಿಲ ಹೊರಗಿಟ್ಟ ತಟ್ಟೆ, ಹಜಾರದಲ್ಲಿ ಯಾರಾದರೂ ನಿಂತಿದ್ದರೆ ಹಾಗೇ ಇರುತ್ತದೆ, ಯಾರೂ ಇಲ್ಲದಿದ್ದರೆ ಖಾಲಿ, ಅಮ್ಮನಿಗೆ ಇದು ಕಾಣುವುದಿಲ್ಲ, ಅವಳು ಹಗಲೆಲ್ಲ ಬಾಗಿಲಿಗೇ ಅಂಟಿ ಕೂತಿರುತ್ತಾಳೆ, ನಿನ್ನ ಭಾವಂಗೆ ಹೇಳೇ, ಬಾಗಿಲು ಒಡೆದಾದ್ರೂ ಹೊರಗೆ ತರ್ಲಿ, ಹೀಗೇ ಕೊಳೆತು ಹೋಗ್ತಾಳೆ, ಭಾವನಿಗೆ ಫೋನು ಮಾಡಿದ್ದು ತಾನೇ, ಬನ್ನಿ ಭಾವ ಅಂದದ್ದು ಇದೇ ನಾಲಿಗೆ — ಜೇಬಿನಲ್ಲಿ ಫೋನು ಗುರ್ರೆನ್ನುತ್ತಿದೆ, ಕಿವಿಗಿಟ್ಟಳು, ಬಡಗೀನ ಕರ್ಕೊಂಡು ಬಂದಿದ್ದೀನಿ ಕಣಮ್ಮ, ಎಷ್ಟು ಬೇಡ್ಕೊಂಡ್ರೂ ನನ್ನ ಹೆಂಡ್ತಿ ಉಸಿರೇ ಎತ್ತುತ್ತಿಲ್ಲ, ಒಡೆಸ್ಲಾ, ಭಾವನ ದನಿ, ಹಿಂದೆ ಅಮ್ಮನ ಅಳು, ಹೂಂ ಅಂದುಬಿಟ್ಟರೆ ಮುಗಿಯಿತು, ಬೇಡ ಅಂದು ಒಳಗೆ ಏನಾದರೂ ಆಗಿಹೋದರೆ, ಆದರೆ ಬೆಳಿಗ್ಗೆ ಬರಿದಾದ ತಟ್ಟೆಯನ್ನು ತೊಳೆದವಳು ತಾನೇ ಅಲ್ಲವೆ, ಅನ್ನದ ಅಗುಳು ಬೆರಳಿಗೆ ಅಂಟಿತ್ತಲ್ಲವೆ, ಬೇಡ ಭಾವ, ಬಡಗೀನ ಕಳಿಸಿಬಿಡಿ, ಅಮ್ಮನ್ನೂ ಎಬ್ಬಿಸ್ಕೊಂಡು ಆಚೆ ಬನ್ನಿ, ಬಾಗಿಲ ಮುಂದೆ ಯಾರೂ ಇರ್ಬೇಡಿ, ಅಲ್ಲಮ್ಮಾ, ಏನಾದ್ರೂ ಆದ್ರೆ ನೀನು ಹೊಣೆಯಾ, ಹೂಂ, ನಾನೇ — ಅಂದೇಬಿಟ್ಟಳು, ಫೋನು ಸತ್ತಂತೆ ತಣ್ಣಗಾಯಿತು, ಅಲ್ಲಿ ಯಾರು ಯಾರ ಮಾತು ಕೇಳಿದರೋ, ಸುತ್ತಿಗೆ ಚೀಲ ಸೇರಿತೋ ಬಾಗಿಲಿಗೆ ಬಿತ್ತೋ, ಇಲ್ಲಿ ಉಳಿದವೆಲ್ಲ ತುರಾಯಿ ಬೀಸುತ್ತ ತಿನ್ನುತ್ತಿವೆ, ಮೂಲೆಯಲ್ಲಿ ಕೊಳವೆಯ ಬಾಯಿ, ದುಂಡಗೆ, ಕಪ್ಪಗೆ, ಕೊಳವೆಯ ಬಾಯಿ