ಕೊಂಬಿನ ಡಬ್ಬಿ

ಕೋಟಗಿರಿ ಕಡೆಯ ಬಡಗರ ಹಟ್ಟಿಯಿಂದ ಮುದುಕಿ ಹಾಲಿಯನ್ನು ಉದಕಮಂಡಲದ ಆಸ್ಪತ್ರೆಗೆ ಕರೆತಂದಾಗ, ಬಿದ್ದು ಮುರಿದ ಅವಳ ಬಲಗೈ ಬಿದಿರ ಸೀಳುಗಳ ಕಟ್ಟಿನೊಳಗೆ ಊದಿಕೊಂಡಿತ್ತು. ನೋವಿನಿಂದ ಅತ್ತೆ ಕಣ್ಣು ಮುಚ್ಚಿಯೇ ಇಲ್ಲವೆಂದು ಸೊಸೆ ಕೆಂಪಿ ಹೇಳಿದಳು. ಮುದುಕಿ ಮಾತ್ರ ಹಾಸಿಗೆಯ ಬಟ್ಟೆಗೆ ಮಣ್ಣಾದೀತೆಂದು ಕಾಲನ್ನು ಹೊರಗೆ ಇಳಿಬಿಟ್ಟು ಕೂತಿದ್ದಳು.

ನರ್ಸ್ ಲಿಂಗಾಜಮ್ಮ ಗುಂಡ್ಲುಪೇಟೆಯವಳು. ಮೈಸೂರಿನಲ್ಲಿ ಕಲಿತು ಬೆಟ್ಟಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಡಗರ ಮಾತು ಅವಳ ಕನ್ನಡಕ್ಕೆ ಹತ್ತಿರವಾದ್ದರಿಂದ ಹಟ್ಟಿಯವರನ್ನು ವಿಚಾರಿಸುವ ಕೆಲಸವನ್ನು ಡಾಕ್ಟರ್ ಮಹಾಲಿಂಗಂ ಅವಳಿಗೇ ಬಿಟ್ಟಿದ್ದರು. ಅದರ ಹೆಮ್ಮೆ ಅವಳಿಗೆ ಸ್ವಲ್ಪ ಹೆಚ್ಚೇ ಇತ್ತು. ನಿದ್ದೆಯ ಔಷಧ ಕೊಡುವ ಮುಂಚೆ ರೋಗಿ ಬೇರೇನು ತಿನ್ನುತ್ತಾನೆಂದು ಕೇಳಲೇಬೇಕು, ಇಲ್ಲದಿದ್ದರೆ ಎರಡು ಔಷಧ ಹೊಟ್ಟೆಯಲ್ಲಿ ಕೂಡಿ ಉಸಿರನ್ನೇ ಅಡಗಿಸೀತು ಎಂದು ಅವಳಿಗೆ ಕಲಿಸಿದ್ದರು. ಅವಳು ಕೇಳಿದಳು ಕೂಡ.

"ಅಜ್ಜಿ, ಬೇರೆ ಮದ್ದು ಏನಾರ ತಿಂತೀಯಾ?"

"ಇಲ್ಲೆ ಅವ್ವಾ, ಮದ್ದು ಇಲ್ಲೆ." ಹಾಲಿ ತುಸು ತಡೆದಳು. ಸೊಂಟದ ಮಡಿಕೆಯಿಂದ ಕೊಂಬಿನ ಪುಟ್ಟ ಡಬ್ಬಿಯೊಂದನ್ನು ಎಡಗೈಯಲ್ಲಿ ತೆಗೆದು ಮುಂದೆ ಹಿಡಿದಳು. "ಇದು ಒಂದು ಉಂಟು."

ಲಿಂಗಾಜಮ್ಮನಿಗೆ ಇನ್ನೂ ಅರ್ಧ ವಾರ್ಡು ನೋಡುವುದಿತ್ತು. "ನಾ ಕೇಳಿದ್ದು ಮದ್ದು ಅಜ್ಜಿ, ನಶ್ಯ ಅಲ್ಲ. ಮೂಗಿಗೆ ಏರಿಸೋದಾದ್ರೆ ಅಂಗಳಕ್ಕೆ ಹೋಗಿ ಏರಿಸು."

ಅಕ್ಕಪಕ್ಕದ ಹೆಂಗಸರು ನಕ್ಕರು. ಹಾಲಿಯೂ ನಕ್ಕಂತೆ ಮಾಡಿ ಡಬ್ಬಿಯನ್ನು ಮತ್ತೆ ಮಡಿಕೆಗೆ ಸಿಕ್ಕಿಸಿಕೊಂಡಳು.

ಊಟವಾದ ಮೇಲೆ ಲಿಂಗಾಜಮ್ಮ ಡಾಕ್ಟರು ಬರೆದ ನಿದ್ದೆಯ ಔಷಧ ಕ್ಲೋರಲನ್ನು ಸರಿಯಾಗಿ ಅಳೆದು ಕುಡಿಸಿದಳು. ಬಿಸಿಲು ಇಳಿಯುವ ಮುಂಚೆಯೇ ಕೆಂಪಿ ಓಡಿಬಂದಳು. ಮುದುಕಿಯ ತುಟಿ ನೀಲಿಯಾಗಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಕಾಯಬೇಕಾಗಿತ್ತು. ರೆಪ್ಪೆ ಎತ್ತಿ ನೋಡಿದರೆ ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟು. ದಿಂಬಿನ ಪಕ್ಕ ಡಬ್ಬಿ ಬಾಯಿ ತೆರೆದು ಬಿದ್ದಿತ್ತು. ಒಳಗೆ ಇದ್ದದ್ದು ಕಪ್ಪಗೆ ಅಂಟುವ ಗುಳಿಗೆಗಳು, ಅಪಿನಿ, ಅಂದರೆ ಅಫೀಮು. ಉಂಡ ಮೇಲೆ ಒಂದು ಗುಳಿಗೆ ಬಾಯಿಗೆ ಹಾಕಿಕೊಳ್ಳುವುದು ಅತ್ತೆಯ ರೂಢಿಯೆಂದು ಕೆಂಪಿ ಅಳುತ್ತ ಹೇಳಿದಳು. ಹಟ್ಟಿಯಲ್ಲಿ ಅದನ್ನು ಯಾರೂ ಮದ್ದು ಎನ್ನುವುದಿಲ್ಲ, ಎಲೆಅಡಿಕೆಯನ್ನು ಮದ್ದು ಎನ್ನುತ್ತಾರೆಯೇ?

ಡಾಕ್ಟರು ಕೊಳವೆ ಇಳಿಸಿ ಹೊಟ್ಟೆ ತೊಳೆದರು. ಲಿಂಗಾಜಮ್ಮ ಅದೇ ಕೊಳವೆಯಲ್ಲಿ ಕಡು ಕಾಫಿ ಇಳಿಸಿದಳು, ಕೆನ್ನೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು. ದೀಪ ಹಚ್ಚುವ ಹೊತ್ತಿಗೆ ಹಾಲಿ ಕಣ್ಣು ಬಿಟ್ಟು ನೀರು ಕೇಳಿದಳು.

ಮರುದಿನ ಬೆಳಿಗ್ಗೆ ಡಾಕ್ಟರು ಇಡೀ ವಾರ್ಡಿಗೆ ಕೇಳುವಂತೆ ಮುದುಕಿಯನ್ನು ಗದರಿದರು. ಬೆಟ್ಟದವರೇ ಹೀಗೆ, ಕೇಳಿದರೂ ಬಚ್ಚಿಡುತ್ತಾರೆ, ಸತ್ತರೆ ಹೆಸರು ಕೆಡುವುದು ಆಸ್ಪತ್ರೆಯದು ಎಂದರು. ಕೆಂಪಿ ತಲೆ ಎತ್ತಲಿಲ್ಲ. ಹಾಲಿ ಒಮ್ಮೆ ಲಿಂಗಾಜಮ್ಮನ ಮುಖ ನೋಡಿದಳು.

"ತಪ್ಪು ಎನ್ನದು ಸಾಮಿ. ಈ ಅವ್ವ ಕೇಳಿದಳು. ನಾನೇ ಹೇಳಲಿಲ್ಲೆ."

ಹಾಗೆಂದು, ಕಂಬಳಿಯ ಅಂಚಿನಲ್ಲಿದ್ದ ಲಿಂಗಾಜಮ್ಮನ ಕೈಯನ್ನು ತನ್ನ ಎಡಗೈಯಿಂದ ಮೆಲ್ಲಗೆ ತಟ್ಟಿದಳು, ಹೆದರಿದ ಮಗುವನ್ನು ತಟ್ಟಿದಂತೆ.

ಲಿಂಗಾಜಮ್ಮನ ಕಿವಿಯವರೆಗೂ ಬಿಸಿಯೇರಿತು. ಸುಮ್ಮನಿದ್ದರೆ ತನ್ನ ಕೆಲಸಕ್ಕೆ ಏನೂ ಆಗುವುದಿಲ್ಲ. ಮುದುಕಿ ಸುಳ್ಳಿಯೆಂಬ ಹೆಸರು ಹೊತ್ತು ಹಟ್ಟಿಗೆ ಹೋಗುತ್ತಾಳೆ, ಅಷ್ಟೇ. ನಿನ್ನೆ ನಕ್ಕಿದ್ದ ಹೆಂಗಸರೂ ಈಗ ಕಣ್ಣು ತಪ್ಪಿಸಿ ಕೂತಿದ್ದರು.

"ಅಜ್ಜಿ ಬಚ್ಚಿಡಲಿಲ್ಲ ಸಾರ್," ಎಂದಳು. "ಡಬ್ಬಿ ತೋರಿಸಿದರು. ನಾನು ತೆಗೆದು ನೋಡಲಿಲ್ಲ. ನಶ್ಯ ಅಂತ ಎಲ್ಲರೆದುರು ಹಾಸ್ಯ ಮಾಡಿದೆ."

ಡಾಕ್ಟರು ಕೈ ಚಾಚಿದರು. ಔಷಧದ ಬೀರುವಿನ ಕೀಲಿಯನ್ನು ಲಿಂಗಾಜಮ್ಮ ಸೊಂಟದಿಂದ ಬಿಚ್ಚಿ ಕೊಟ್ಟಳು. ಹೇಳುವವರೆಗೂ ಬೀರು ಮುಟ್ಟಬಾರದು ಎಂದರು. ಹೋಗುವಾಗ ಜಾರಿದ್ದ ಕಂಬಳಿಯನ್ನು ತಾವೇ ಹಾಲಿಯ ಭುಜದವರೆಗೆ ಎಳೆದರು.

ಲಿಂಗಾಜಮ್ಮ ಗಂಜಿ ತಟ್ಟೆ ತೆಗೆಯಲು ಬಗ್ಗಿದಾಗ ಹಾಲಿ ಮತ್ತೆ ಡಬ್ಬಿಯನ್ನು ಮುಂದೆ ಹಿಡಿದಳು.

"ಅಂಗಳಕ್ಕೆ ಹೋಗಲಾ ಅವ್ವಾ, ಮೂಗಿಗೆ ಏರಿಸಲು?"

ವಾರ್ಡು ನಕ್ಕಿತು. ಲಿಂಗಾಜಮ್ಮನಿಗೆ ನಗು ಬರಲಿಲ್ಲ. ತಟ್ಟೆಯನ್ನು ಕೆಳಗಿಟ್ಟು ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡಳು, ಮುಚ್ಚಳ ತೆಗೆದು ಮೂಸಿ ನೋಡಿದಳು.