ಹಸಿ ಎಣ್ಣೆ

ತೊಟ್ಟಿಕ್ಕುವ ಸದ್ದು ನಿಂತ ಹಾಗಾಯಿತು, ಇಲ್ಲ, ನಿಂತಿಲ್ಲ, ಗಾಳಿಗೆ ಮಾಡಿನ ತಗಡು ಅಲುಗಾಡಿ ಕೇಳಿಸಲಿಲ್ಲ ಅಷ್ಟೆ, ತಣ್ಣೀರಿನ ಪೀಪಾಯಿಯಿಂದ ಹೊರಬಂದ ಕೊಳವೆಯ ತುದಿಯಲ್ಲಿ ಹನಿ ಉಬ್ಬುತ್ತಿದೆ, ಬೀಳುತ್ತಿದೆ, ಗಾಜಿನ ಪಾತ್ರೆಯೊಳಗೆ ನೀರು ಕೆಳಗೆ ಎಣ್ಣೆ ಮೇಲೆ, ಬೆರಳಗಲವೂ ಇಲ್ಲದ ತೆಳು ಹಸಿರು ಪದರ — ಚಳಿ ಹಿಂದೆಗೆಯುವ ದಿನಗಳು ಇವು, ಅಂಗಳದಲ್ಲಿ ಒಣಗಿದ ಕರಿಮೆಣಸೆಲ್ಲ ಚೀಲ ಸೇರಿದೆ, ಬೆಳಕು ಹರಿಯುವ ಮುಂಚೆಯೇ ಕುಟ್ಟಿ ಹಂಡೆಗೆ ತುಂಬಿ, ಹಬೆ ಸೋರದ ಹಾಗೆ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಒಲೆ ಹಚ್ಚಿದ್ದೇನೆ, ಉರಿ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು, ಉರಿಗೆ ಅವಸರ ಕಲಿಸ್ಬೇಡ ಕಣೇ ಎನ್ನುತ್ತಿದ್ದರು ಅತ್ತೆ, ಈಗ ಎನ್ನುವುದಿಲ್ಲ, ಒಳಕೋಣೆಯ ಮಂಚದ ಮೇಲಿದ್ದಾರೆ, ಬಲಗೈ, ಬಲಗಾಲು, ಮಾತು ಮೂರನ್ನೂ ಒಂದೇ ಬೆಳಿಗ್ಗೆ ಕಳೆದುಕೊಂಡು, ನುಂಗುವುದನ್ನೂ ಮರೆತು, ಮೂಗಿನ ಒಂದು ಹೊಳ್ಳೆಗೆ ನಳಿಗೆ ಹಾಕಿಸಿಕೊಂಡು — ಎಂಥ ಮೂಗು ಅದು, ಅದರಲ್ಲೇ ನಳಿಗೆ. ಇವತ್ತು ಡಾಕ್ಟರಮ್ಮ ಬರುತ್ತಾರೆ, ನುಂಗುವುದನ್ನು ಮತ್ತೆ ಕಲಿಸುವ ಡಾಕ್ಟರಮ್ಮ, ಇವತ್ತೂ ಒಂದು ಚಮಚ ಒಳಗೆ ಹೋಗದಿದ್ದರೆ ನಾಳೆ ಆಸ್ಪತ್ರೆ, ಹೊಟ್ಟೆಗೇ ತೂತು, ಅಲ್ಲಿಂದಲೇ ಊಟ, ಬಾಯಿಗೂ ಊಟಕ್ಕೂ ಸಂಬಂಧವೇ ಕಡಿದುಹೋದ ಹಾಗೆ. ಅದೇನು ದೊಡ್ಡದಲ್ಲಮ್ಮ, ಎಷ್ಟೋ ಜನ ಹಾಗೇ ಚೆನ್ನಾಗಿದಾರೆ ಎಂದರು ಡಾಕ್ಟರಮ್ಮ, ಇರಬಹುದು, ಅವರಿಗೆ ಗೊತ್ತಿರುತ್ತದೆ, ಆದರೆ ಅತ್ತೆ ಬಾಯಿ ರುಚಿಗಿಂತ ಮೊದಲು ಮೂಗಿನಲ್ಲೇ ಉಂಡವರು. ಅಮ್ಮನ ಮೂಗು ಮೊದಲು ಹುಟ್ಟಿ ಮಿಕ್ಕ ಮೈ ಆಮೇಲೆ ಬಂದಿದ್ದು ಎನ್ನುತ್ತಾರೆ ನನ್ನ ಯಜಮಾನರು, ಸುಳ್ಳೇನಲ್ಲ, ನಮ್ಮಿಂದ ಎಣ್ಣೆ ಕೊಂಡು ಪೇಟೆಯಲ್ಲಿ ಮಾಲೀಸಿನ ಮನೆ ಇಟ್ಟಿರುವ ಘಮಘಮ ಸಾಹೇಬ, ಅವನಿಗೆ ಆ ಹೆಸರಿಟ್ಟಿದ್ದೂ ಅತ್ತೆಯೇ, ಒಂದು ದಿನ ಎಲ್ಲಿಂದಲೋ ತರಿಸಿದ ಚಂದದ ಸೀಸೆ ಹಿಡಿದು ಬಂದು ಅಮ್ಮಾ ಇದು ನಿಮ್ಮದಕ್ಕಿಂತ ಅಗ್ಗ, ವಾಸನೆಯೂ ಜೋರು ಎಂದ, ಅತ್ತೆ ಬಿರಡೆ ತೆಗೆದು ಒಂದು ಸಲ ಮೂಸಿ, ಇದರಲ್ಲಿ ಮೆಣಸೊಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆಯಪ್ಪ ಎಂದು ವಾಪಸು ಕೊಟ್ಟರು, ಸಾಹೇಬ ನಕ್ಕು ನಕ್ಕು ಕಣ್ಣೊರೆಸಿಕೊಂಡ, ಅಂದಿನಿಂದ ಯಾರ ಸೀಸೆ ಬಂದರೂ ಮೊದಲು ಇಲ್ಲಿಗೇ ತರುತ್ತಾನೆ, ಪರೀಕ್ಷೆಗೆ.

ಸೌದೆ ಒಂದಿಷ್ಟು ಹಿಂದಕ್ಕೆ ಎಳೆಯಬೇಕು, ಹಾಂ, ಹೀಗೆ, ಹೊಸದಾಗಿ ಈ ಮನೆಗೆ ಬಂದಾಗ ನನಗೆ ಮೆಣಸೆಂದರೆ ಖಾರ, ಸೀನು, ಕಣ್ಣೀರು ಅಷ್ಟೇ, ಅತ್ತೆ ಮೊದಲ ಹನಿಯನ್ನು ನನ್ನ ಮಣಿಕಟ್ಟಿಗೆ ಮುಟ್ಟಿಸಿ ಉರಿಯುತ್ತಾ ಎಂದರು, ಉರಿಯಲಿಲ್ಲ, ನಾಲಿಗೆ ಸುಡುವುದೆಲ್ಲ ಹಂಡೆಯ ತಳದಲ್ಲೇ ಉಳೀತದೆ ಮಗಳೇ, ಹಬೆ ಹತ್ತಿ ಬರೋದು ಘಮ ಒಂದೇ ಎಂದರು, ಮೂಸಿ ನೋಡಿದೆ, ಆಗ ತಾನೇ ಸೀಳಿದ ಮರ, ನಿಂಬೆಯ ಸಿಪ್ಪೆ, ಹಿಂದೆಲ್ಲೋ ಮಳೆ ಬಿದ್ದ ಕಲ್ಲು, ಇಷ್ಟೆಲ್ಲ ಈ ಕರೀ ಕಾಳಿನೊಳಗೆ ಇತ್ತೇ, ನನ್ನ ಮುಖ ನೋಡಿ ಅವರು ತಾವೇ ಕಂಡುಹಿಡಿದವರ ಹಾಗೆ ಬೀಗಿದರು. ಮೊದಲ ಹೆರಿಗೆಯಾಗಿ ಸೊಂಟ ಹಿಡಿದು ನಾನು ಹಾಸಿಗೆಯಿಂದ ಏಳಲಾರದೆ ಬಿದ್ದಿದ್ದಾಗ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಅದಕ್ಕೆ ನಾಲ್ಕೇ ಹನಿ ಇದನ್ನು ಬೆರೆಸಿ, ಜಾಸ್ತಿ ಹಾಕಿದರೆ ಚರ್ಮ ಕೆಂಪಾಗುತ್ತೆ, ಆಸೆಗೆ ಅಳತೆ ಇರಲಿ ಎನ್ನುತ್ತ, ಅಂಗೈ ಬುಡದಿಂದ ಬೆನ್ನುಹುರಿಯ ಎರಡೂ ಬದಿ ಒತ್ತಿ ಉಜ್ಜುತ್ತಿದ್ದರು, ಚರ್ಮದ ಕೆಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ ಬಿಸಿ ಏರುತ್ತಿತ್ತು, ನಾನು ನಾಚಿ, ಬಿಡಿ ಅತ್ತೆ, ನಿಮ್ಮ ಕೈಲಿ ಮಾಡಿಸ್ಕೊಂಡು ಈ ಋಣ ಎಲ್ಲಿ ತೀರಿಸಲಿ ಎಂದರೆ, ಋಣ ಗಿಣ ಏನಿಲ್ಲ, ಮುಂದೆ ನನ್ನ ಬೆನ್ನು ಉಜ್ಜಿದ್ರಾಯ್ತು, ಸುಮ್ನೆ ಬಿದ್ಕೋ ಎಂದರು, ಆದರೆ ಇಷ್ಟು ವರ್ಷ ಬೆನ್ನು ಕೊಟ್ಟವರೇ ಅಲ್ಲ, ನಂಗೇನಾಗಿದೆ ಎನ್ನುವವರು, ಈಗ ದಿನಾ ಉಜ್ಜುತ್ತೇನೆ, ಬಲಗಾಲಿನ ಪಾದ ತಣ್ಣಗೆ ಮೀನಿನ ಹಾಗಿರುತ್ತದೆ, ಉಜ್ಜಿದ ಮೇಲೆ ಸ್ವಲ್ಪ ಹೊತ್ತು ಬೆಚ್ಚಗೆ, ಮತ್ತೆ ತಣ್ಣಗೆ, ಅವರು ಕೇಳಿ ಮಾಡಿಸಿಕೊಂಡಿದ್ದಲ್ಲವಲ್ಲ, ಅದಕ್ಕೇ ಏನೋ ತೀರಿದ ಹಾಗೆ ಅನಿಸುವುದಿಲ್ಲ. ಡಾಕ್ಟರಮ್ಮ ಮೊದಲ ಸಲ ಬಂದಾಗಲೇ ಹೇಳಿದ್ದರು, ಕರಿಮೆಣಸಿನ ಎಣ್ಣೆ ಮೂಸಿಸಿದರೆ ಕೆಲವರಿಗೆ ಗಂಟಲು ಎಚ್ಚರ ಆಗುತ್ತೆ, ಎಲ್ಲರಿಗೂ ಅಂತಲ್ಲ, ಊಟಕ್ಕೆ ಮುಂಚೆ ಒಂದು ನಿಮಿಷ ಮೂಗಿನ ಹತ್ರ ಹಿಡೀರಿ, ಪೇಟೇಲಿ ಚಿಕ್ಕ ಸೀಸೆ ಸಿಗುತ್ತೆ ನೋಡಿ, ಅತ್ತೆ ಆಸ್ಪತ್ರೆ ಸೇರಿದಾಗಿನಿಂದ ನಗದ ಯಜಮಾನರು ಅವತ್ತು ನಕ್ಕರು, ಮೇಡಂ, ಸೀಸೆ ಯಾಕೆ, ಹಂಡೆ ಹಂಡೇನೇ ಇದೆ, ಎಂದರು, ಡಾಕ್ಟರಮ್ಮನೂ ನಗುತ್ತ ಈ ಒಲೆಯ ಮುಂದೆ ಬಂದು ಕೂತು ಎಲ್ಲ ಮೂಸಿ, ಕೇಳಿ, ಹೋದರು. ಅಂದಿನಿಂದ ಹಿಡಿಯುತ್ತಿದ್ದೇನೆ, ಹಂಡೆಯಿಂದ ಇಳಿದ ಕೂಡಲೇ ಎಣ್ಣೆಗೆ ಒಂಥರಾ ಕಾದ ತಾಮ್ರದ ವಾಸನೆ, ಬೇಯಿಸಿದ ಸೊಪ್ಪಿನ ಕಮಟು, ಅತ್ತೆಗೆ ಅದು ಆಗದು, ಹಸಿ ಮಾಲು ಮನೆಯೊಳಗೆ ತರ್ಬೇಡ ಎಂದೇ ಅವರ ಕಟ್ಟಪ್ಪಣೆ, ಸೀಸೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಕತ್ತಲೆ ಗೂಡಿನಲ್ಲಿ ವಾರಗಟ್ಟಲೆ ಇಟ್ಟ ಮೇಲೆ ಆ ಕಮಟು ಹೋಗಿ ನಯವಾಗುತ್ತದೆ, ಹಾಗೆ ನಯವಾದ ಹೋದ ವರ್ಷದ ಎಣ್ಣೆ, ಅವರೇ ಇಳಿಸಿದ್ದು, ಒಂದೇ ಸೀಸೆ ಉಳಿದಿದೆ, ಯಾರಿಗೂ ಮಾರದೆ ಅದನ್ನೇ ಹತ್ತಿಗೆ ಮುಟ್ಟಿಸಿ ಹಿಡಿಯುತ್ತೇನೆ, ಅವರಿಗೆ ಅವರದೇ ಒಳ್ಳೆಯದು ಸಲ್ಲಲಿ ಎಂದು, ಕಣ್ಣು ಗೋಡೆಯ ಕಡೆಗೇ ಇರುತ್ತದೆ, ಗಂಟಲು ಸುಮ್ಮನಿರುತ್ತದೆ —

ಬಾರೇ, ಡಾಕ್ಟರಮ್ಮ ಬಂದ್ರು, ಒಲೆ ನಾನು ನೋಡ್ಕೋತೀನಿ ಎಂದರು ಯಜಮಾನರು, ಉರಿ ಏರಿಸಬೇಡಿ ಅಂದೆ, ಗೊತ್ತು ಕಣೇ, ನಾನೂ ಈ ಮನೇಲೇ ಹುಟ್ಟಿದ್ದು ಅಂದರು, ಕೊಳವೆಯ ಮೂತಿ ಒರೆಸಿದ ಬಟ್ಟೆ ಹೆಗಲ ಮೇಲೇ ಇದೆ, ಇರಲಿ, ಕೈ ತೊಳೆದು ಒಳಗೆ ಓಡಿದೆ, ದಿಂಬು ಒರಗಿಸಿ ಅತ್ತೆಯನ್ನು ನೆಟ್ಟಗೆ ಕೂರಿಸಿದ್ದಾರೆ, ಗಲ್ಲ ಸ್ವಲ್ಪ ಕೆಳಗೆ, ನುಣ್ಣಗೆ ಕಡೆದ ಹಣ್ಣು ಬಟ್ಟಲಲ್ಲಿ, ನೀವೇ ತಿನ್ನಿಸಿ, ಎರಡು ಬೆರಳು ಗಂಟಲ ಮೇಲೆ ಇಟ್ಕೊಳಿ, ಎದ್ದು ಇಳಿದ್ರೆ ನುಂಗಿದ್ರು ಅಂತ ಎಂದರು ಡಾಕ್ಟರಮ್ಮ, ಹತ್ತಿ ಹಿಡಿದೆ, ಹೋದ ವರ್ಷದ ಘಮ ಕೋಣೆ ತುಂಬ ಹರಡಿತು, ನನಗೇ ಕಣ್ಣು ತುಂಬಿ ಬಂತು ಅಷ್ಟು ಚೆನ್ನಾಗಿದೆ, ಅತ್ತೆಗೆ ಏನೂ ಇಲ್ಲ, ಚಮಚ ಇಟ್ಟೆ, ಹಣ್ಣು ನಾಲಿಗೆಯ ಮೇಲೇ ಕೂತಿತು, ಬೆರಳ ಕೆಳಗೆ ಚರ್ಮ ಮಾತ್ರ, ಡಾಕ್ಟರಮ್ಮ ನಿಧಾನವಾಗಿ ಬಾಯಿ ಒರೆಸಿದರು, ಇನ್ನೊಮ್ಮೆ ನೋಡೋಣ ಎಂದರು, ಆ ದನಿಯಲ್ಲೇ ನಾಳೆಯ ಆಸ್ಪತ್ರೆ ಕೇಳಿಸಿತು, ದಿಂಬು ಜಾರಿದೆ ಎಂದು ಬಗ್ಗಿದೆ, ಹೆಗಲ ಬಟ್ಟೆ ಜಾರಿ ಅತ್ತೆಯ ಕೆನ್ನೆಗೆ ಬಿತ್ತು — ಖಾಲಿ ಇರುವ ಹೊಳ್ಳೆ ಅರಳಿತು, ಹುಬ್ಬು ಗಂಟಾಯಿತು, ಎಡಗೈ ಎದ್ದು, ಕಳಪೆ ಮಾಲು ಮುಂದೆ ಹಿಡಿದಾಗ ತಳ್ಳುತ್ತಿದ್ದ ಹಾಗೇ, ಮುಂಗೈಯಿಂದ ಬಟ್ಟೆಯನ್ನು ಆಚೆ ತಳ್ಳಿತು, ಕಣ್ಣು ಗೋಡೆ ಬಿಟ್ಟು ನನ್ನ ಮೇಲೆ ಬಂತು, ಏನೇ ಇದು ಎಂಬ ಅದೇ ನೋಟ, ಎಷ್ಟು ದಿನವಾಗಿತ್ತು ಆ ನೋಟ ತಿಂದು, ನಾನು ಗಾಬರಿಯಿಂದ ಬಟ್ಟೆ ಎಳೆದುಕೊಳ್ಳಲು ಹೋದೆ, ತೆಗೀಬೇಡಿ, ಅಲ್ಲೇ ಹಿಡೀರಿ ಎಂದರು ಡಾಕ್ಟರಮ್ಮ, ಮೇಡಂ ಇದು ಹಸಿ ಮಾಲು, ಅತ್ತೆಗೆ ಆಗಲ್ಲ ಅಂದೆ, ಆಗದೇ ಇರೋದೇ ನಮಗೆ ಬೇಕಾಗಿರೋದು, ಹಿಡೀರಿ. ಹಿಡಿದೆ. ನಯವಾದದ್ದರ ಬಗ್ಗೆ ಅತ್ತೆಗೆ ಹೇಳಲು ಏನಿತ್ತು, ತಪ್ಪಿದ್ದ ಕಡೆ ಸುಮ್ಮನಿರುವ ಮೂಗೇ ಅಲ್ಲ ಅದು, ದೇಹ ಅರ್ಧ ಮಲಗಿದರೂ ಅದು ಒಬ್ಬಂಟಿಯಾಗಿ ಎದ್ದು ಕೂತು ಕಾಯುತ್ತಿತ್ತೋ ಏನೋ, ಯಾರಾದರೂ ಒಂದು ತಪ್ಪು ತರಲಿ ಎಂದು, ಅತ್ತೆ ಮೂಗು ಸೇದುತ್ತಿದ್ದಾರೆ, ಮತ್ತೆ ಸೇದುತ್ತಿದ್ದಾರೆ, ಬೈಗುಳ ಬಾಯಿಯವರೆಗೆ ಬಂದು ನಿಂತ ಹಾಗೆ ತುಟಿ ಒಂದು ಬದಿಗೆ ಎಳೆಯುತ್ತಿದೆ, ಬೈಯಿರಿ ಅತ್ತೆ, ಚಮಚ ಇಟ್ಟೆ, ತುಟಿ ಮುಚ್ಚಿತು, ನನ್ನ ಎರಡು ಬೆರಳು ಗಂಟಲ ಮೇಲೆ, ಆ ಕಡೆಯಿಂದ ಯಜಮಾನರ ದನಿ, ಪದರ ದಪ್ಪ ಆಯ್ತು ಕಣೇ, ಪಾತ್ರೆ ಬದಲಾಯಿಸ್ಲಾ, ಬೆರಳ ಕೆಳಗೆ ಏನೋ ಬಿಗಿಯಿತು, ಎದ್ದಿತು, ನೀರಿನೊಳಗಿನ ನುಣ್ಣನೆ ಕಲ್ಲೊಂದು ಕೈಗೆ ತಾಗಿ ಸರಿದ ಹಾಗೆ ಎದ್ದು, ಇಳಿಯಿತು, ಬಾಯಿ ತೆರೆಸಿ ನೋಡಿದರು ಡಾಕ್ಟರಮ್ಮ, ನಾಲಿಗೆ ಖಾಲಿ, ಉಸಿರೂ ಗೊರಗುಟ್ಟುತ್ತಿಲ್ಲ, ಇನ್ನೊಂದು ಎಂದರು, ನಾಳೆಯ ಮಾತು ಎತ್ತಲಿಲ್ಲ, ಇನ್ನೊಂದು ಇಟ್ಟೆ, ಅತ್ತೆಯ ಕಣ್ಣು ಇನ್ನೂ ನನ್ನನ್ನು ಬಿಟ್ಟಿಲ್ಲ, ಪಾತ್ರೆ ಬದಲಾಯಿಸ್ಲಾ, ಮತ್ತೆ ದನಿ, ಕೇಳಿಸುತ್ತದೆ, ಎಣ್ಣೆ ಕಾಯಲಿ, ಒಲೆ ಕಾಯಲಿ, ಬೆರಳ ಕೆಳಗೆ ಗಂಟಲು ಎದ್ದಿತು, ಆ ಕಲ್ಲು, ಎದ್ದು ಇಳಿಯಿತು, ಬೆರಳ ಕೆಳಗೆ, ಆ ನುಣ್ಣನೆ ಕಲ್ಲು, ಎದ್ದಿತು —